ಕೌಶಲ ಪ್ರಮಾಣಪತ್ರದಲ್ಲಿ ಶೇಕಡಾವಾರು ಹುಡುಕಬೇಡಿ

ಕಸುಬು ಕಲಿತವರ ಕೌಶಲವನ್ನು ಮೌಲ್ಯಮಾಪನ ಮಾಡುವುದು ನನ್ನ ಕೆಲಸ. ಫಲಿತಾಂಶ ಹೊರಬಿದ್ದ ದಿನ ನನಗೆ ಬರುವ ಕರೆಗಳಲ್ಲಿ ಇರುವುದು ಒಂದೇ ಪ್ರಶ್ನೆ: 'ಶೇಕಡಾ ಎಷ್ಟು?' ತಂದೆತಾಯಿಯರು ಕೇಳಿದರೆ ಅರ್ಥವಾಗುತ್ತದೆ. ಅದೇ ಕಸುಬಿನವರನ್ನು ವರ್ಷಗಟ್ಟಲೆ ಕೆಲಸಕ್ಕಿಟ್ಟುಕೊಂಡ ಮಾಲೀಕರೂ ಕೇಳಿದಾಗ ಸಹನೆ ಕೆಡುತ್ತದೆ. ಸಾಮರ್ಥ್ಯಾಧಾರಿತ ತರಬೇತಿಯಲ್ಲಿ ಪ್ರತಿ ಘಟಕಕ್ಕೂ, ಅಂದರೆ ಕಸುಬಿನ ಒಂದೊಂದು ಕೆಲಸಕ್ಕೂ, ಸಾಮಾನ್ಯವಾಗಿ ಎರಡೇ ಬಗೆಯ ತೀರ್ಪು. ಈ ಕೆಲಸವನ್ನು ನಿಗದಿತ ಮಾನದಂಡಕ್ಕೆ ತಕ್ಕಂತೆ ಮಾಡಬಲ್ಲರು, ಇಲ್ಲವೇ ಸದ್ಯಕ್ಕೆ ಮಾಡಲಾರರು. ನಡುವೆ ಅರವತ್ತೂ ಇಲ್ಲ, ತೊಂಬತ್ತೂ ಇಲ್ಲ.

ಅಂಕಗಳ ಲೆಕ್ಕದಲ್ಲಿ ಒಂದು ಕಡೆಯ ಕೊರತೆಯನ್ನು ಇನ್ನೊಂದು ಕಡೆಯ ಹೆಚ್ಚಳ ಮುಚ್ಚಿಹಾಕುತ್ತದೆ. ಇತಿಹಾಸದ ಪ್ರಶ್ನೆಪತ್ರಿಕೆಯಲ್ಲಿ ಅದರಿಂದ ಯಾರಿಗೂ ಹಾನಿಯಿಲ್ಲ. ವಿದ್ಯುತ್ ಕೆಲಸದಲ್ಲಿ ಇದೆ. ಒಬ್ಬ ಅಭ್ಯರ್ಥಿಯನ್ನು ನೆನೆಯುತ್ತೇನೆ. ಅಷ್ಟು ಚೊಕ್ಕ ಕೈ ಅಪರೂಪ. ಬ್ರೇಕರ್ ಆರಿಸಿ ಬೀಗ ಹಾಕಿದ, ಎಚ್ಚರಿಕೆಯ ಚೀಟಿ ಕಟ್ಟಿದ, ಟೆಸ್ಟರ್ ಹಿಡಿದು ನೋಡಿದ. ಅದು ಏನೂ ತೋರಿಸಲಿಲ್ಲ. ತಂತಿಗೆ ಕೈ ಹಾಕಲು ಹೊರಟ. ನಾನು ಅಲ್ಲಿಗೇ ತಡೆದೆ. ಟೆಸ್ಟರನ್ನು ಮೊದಲು ವಿದ್ಯುತ್ ಖಚಿತವಾಗಿ ಇರುವ ಕಡೆ ಪರೀಕ್ಷಿಸಬೇಕು, ಆಮೇಲೆ ಕೆಲಸದ ಸರ್ಕ್ಯೂಟ್ ನೋಡಬೇಕು, ಮತ್ತೆ ವಿದ್ಯುತ್ ಇರುವ ಕಡೆಗೆ ಹೋಗಿ ಟೆಸ್ಟರ್ ಇನ್ನೂ ಸರಿಯಿದೆಯೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ಕೆಟ್ಟುಹೋದ ಟೆಸ್ಟರ್ ಕೂಡ ಏನನ್ನೂ ತೋರಿಸುವುದಿಲ್ಲವಲ್ಲ! ಅವನನ್ನು ಕಳುಹಿಸಿದ್ದ ಮಾಲೀಕರು ವಾದಕ್ಕೆ ಬಂದರು: 'ಹತ್ತರಲ್ಲಿ ಒಂಬತ್ತು ಹಂತ ಸರಿಯಿತ್ತು, ತೊಂಬತ್ತು ಕೊಡಿ.' ಆ ಹತ್ತನೆಯ ಹಂತವೇ ಜೀವ ಕಾಯುವುದು ಎಂದು ಅವರಿಗೆ ಒಪ್ಪಿಸಲು ಬಹಳ ಹೊತ್ತು ಹಿಡಿಯಿತು. ಹುಡುಗ ಮಾತ್ರ ಬೇಸರಿಸಲಿಲ್ಲ. ತಪ್ಪಿದ ಭಾಗವನ್ನಷ್ಟೇ ಅಭ್ಯಾಸ ಮಾಡಿ ಮತ್ತೆ ಬಂದ, ಮೂರು ಹೆಜ್ಜೆಗಳನ್ನೂ ಬಾಯಿಬಿಟ್ಟು ಹೇಳುತ್ತಲೇ ಮಾಡಿದ, ತೇರ್ಗಡೆಯಾದ. ಇಂಥವರಿಗಾಗಿಯೇ ಈ ಕೆಲಸ ನನಗೆ ಇಷ್ಟ.

ಹಾಗೆಂದು ಒಮ್ಮೆ ಸರಿಯಾಗಿ ಮಾಡಿ ತೋರಿಸಿದರೆ ಮುಗಿಯಿತೆಂದೂ ಅಲ್ಲ. ಆಸ್ಟ್ರೇಲಿಯಾದ ವೃತ್ತಿಶಿಕ್ಷಣ ವ್ಯವಸ್ಥೆ ಅಭ್ಯರ್ಥಿಯ ಸಾಮರ್ಥ್ಯ ತೋರಿಸುವ ಸಾಕ್ಷ್ಯಕ್ಕೆ ನಾಲ್ಕು ನಿಯಮಗಳನ್ನಿಟ್ಟಿದೆ: ಅದು ಆ ಕೆಲಸಕ್ಕೇ ಸಂಬಂಧಿಸಿರಬೇಕು, ಸಾಕಷ್ಟಿರಬೇಕು, ಅಭ್ಯರ್ಥಿಯ ಸ್ವಂತದ್ದಾಗಿರಬೇಕು, ಇತ್ತೀಚಿನದಾಗಿರಬೇಕು. ಹೆಚ್ಚು ಜಾರುವುದು ಎರಡನೆಯದರಲ್ಲಿ. ಬೇರೆ ಬೇರೆ ದಿನ, ಬೇರೆ ಬೇರೆ ಪರಿಸ್ಥಿತಿಯಲ್ಲಿ ಅದೇ ಮಟ್ಟದ ಕೆಲಸ ಕಾಣದೆ ಸಹಿ ಹಾಕುವ ಮೌಲ್ಯಮಾಪಕರನ್ನು ನಾನು ನಂಬುವುದಿಲ್ಲ.

ಈ ಪದ್ಧತಿಗೂ ಮಿತಿಗಳಿವೆ. ಬ್ರಿಟನ್ನಿನಲ್ಲಿ 1986ರಲ್ಲಿ ವೃತ್ತಿ ಅರ್ಹತೆಗಳಿಗೆಂದೇ ರಾಷ್ಟ್ರೀಯ ಮಂಡಳಿ ರಚನೆಯಾಯಿತು. ಅದು ರೂಪಿಸಿದ ಅರ್ಹತೆಗಳ ಮೇಲೆ ಬಂದ ಟೀಕೆಗಳಲ್ಲಿ ಮುಖ್ಯವಾದದ್ದು, ಕಸುಬನ್ನು ಚೂರುಚೂರು ಮಾಡಿ ಪಟ್ಟಿಗೆ ಗುರುತು ಹಾಕುವ ಕಾಗದದ ಕೆಲಸವಾಗಿಸಿದರು ಎಂಬುದು. ಆ ಟೀಕೆಯಲ್ಲಿ ಹುರುಳಿದೆ. ಜರ್ಮನಿಯ ದ್ವಿಮುಖ ಪದ್ಧತಿಯಲ್ಲಿ ಸಾಮಾನ್ಯವಾಗಿ ಎರಡರಿಂದ ಮೂರೂವರೆ ವರ್ಷ ಕಂಪನಿಯಲ್ಲೂ ವೃತ್ತಿಶಾಲೆಯಲ್ಲೂ ಕಲಿತವರಿಗೆ ಕೊನೆಯ ಪರೀಕ್ಷೆಯಲ್ಲಿ ಅಂಕಗಳೇ ಇವೆ. ಆದ್ದರಿಂದ ಅಂಕವೆಂದರೆ ಎಲ್ಲೆಡೆ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಸಿದ್ಧಾಂತದ ತಿಳಿವಳಿಕೆಯನ್ನು ಅಂಕದಲ್ಲಿ ಅಳೆಯಬಹುದು, ಅನೇಕ ಕಡೆ ಅಳೆಯುತ್ತಾರೆ. ಸುರಕ್ಷತೆಯ ನಿರ್ಣಾಯಕ ಹಂತವನ್ನು ಸರಾಸರಿಯೊಳಗೆ ಹುದುಗಿಸಬಾರದು, ಅಷ್ಟೇ.

ಮಾಲೀಕರೇ, ಪ್ರಮಾಣಪತ್ರ ಕೈಗೆ ಬಂದಾಗ ಜೊತೆಗಿರುವ ಘಟಕಗಳ ಪಟ್ಟಿಯನ್ನು ದಯವಿಟ್ಟು ಓದಿ. ನಿಮಗೆ ಬೇಕಾದ ಕೆಲಸ ಅದರಲ್ಲಿದೆಯೇ ನೋಡಿ. ಎಷ್ಟೋ ಸಲ ಇರುವುದೇ ಇಲ್ಲ. ಇದ್ದರೆ ದಿನಾಂಕವನ್ನೂ ನೋಡಿ. ಐದು ವರ್ಷಗಳಿಂದ ಆ ಕೆಲಸ ಮುಟ್ಟದವರಾದರೆ, ಮೊದಲ ವಾರ ಅನುಭವಿ ಮೇಲ್ವಿಚಾರಕರ ಜೊತೆ ನಿಲ್ಲಿಸಿ, ಕೆಲಸ ಮಾಡಿಸಿ ನೋಡಿದ ಮೇಲೆಯೇ ಒಬ್ಬರನ್ನೇ ಕಳುಹಿಸಿ.