ಮಲ್ಲಿಗೆ ಕಟ್ಟಲಾರದ ಉಕ್ಕಿನ ಕೈ

ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಹೂ ಕಟ್ಟುವ ಹೆಂಗಸರು ತಮ್ಮ ಕೈಯತ್ತ ನೋಡುವುದೇ ಇಲ್ಲ. ಕಣ್ಣು ಗಿರಾಕಿಯ ಮೇಲೆ, ಮಾತು ಮೊಳದ ಬೆಲೆಯ ಮೇಲೆ. ಬೆರಳುಗಳು ತಮ್ಮ ಪಾಡಿಗೆ ಮೊಗ್ಗು ಜೋಡಿಸಿ, ನೂಲು ಸುತ್ತಿ, ಕುಣಿಕೆ ಎಳೆಯುತ್ತಿರುತ್ತವೆ. ಬಿಗಿ ಹೆಚ್ಚಾದರೆ ತೊಟ್ಟು ತುಂಡಾಗುತ್ತದೆ, ಸಡಿಲವಾದರೆ ಹೂ ಉದುರುತ್ತದೆ. ಪೀಣ್ಯದಂಥ ಕಡೆ ಬೇಸರವಿಲ್ಲದೆ ವೆಲ್ಡಿಂಗ್ ಮಾಡುವ ರೋಬೋಟ್ ತೋಳಿಗೆ ಈ ಒಂದು ಮೊಳ ಮಲ್ಲಿಗೆ ಕೊಟ್ಟು ನೋಡಿ, ಮೊಗ್ಗು ಉಳಿಯುವುದಿಲ್ಲ.

ಯಂತ್ರದ ಕೈಗೆ ಸ್ಪರ್ಶ ಕಲಿಸುವ ಪ್ರಯತ್ನ ಮಾತ್ರ ಹಳೆಯದು. 1961ರಲ್ಲಿ ಜನರಲ್ ಮೋಟಾರ್ಸ್ ಕಾರ್ಖಾನೆಯಲ್ಲಿ ಕೆಲಸಕ್ಕೆ ನಿಂತ ರೋಬೋಟ್ ಯೂನಿಮೇಟ್‌ಗೆ ಸ್ಪರ್ಶಜ್ಞಾನ ಇರಲಿಲ್ಲ. ಹಿಡಿಯಬೇಕಾದ ವಸ್ತುವೇ ನಿಗದಿಯಾದ ಜಾಗದಲ್ಲಿ ಇರಬೇಕಿತ್ತು. ಅದೇ ಹೊತ್ತಿಗೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಸಂಶೋಧಕ ಹೈನ್ರಿಚ್ ಅರ್ನ್‌ಸ್ಟ್ ಕಂಪ್ಯೂಟರಿಗೆ ಜೋಡಿಸಿದ ಯಾಂತ್ರಿಕ ಕೈಯೊಂದು, ಕಣ್ಣಿಲ್ಲದೆ ತಡಕಾಡಿ, ಸಿಕ್ಕ ತುಂಡುಗಳನ್ನು ಪೆಟ್ಟಿಗೆಗೆ ಹಾಕುತ್ತಿತ್ತು. ಮುಂದಿನ ದಶಕಗಳಲ್ಲಿ ಸಂಶೋಧನೆಯ ಒಲವು ಕ್ಯಾಮೆರಾದತ್ತ ವಾಲಿತು. ಅದರಲ್ಲಿ ಆಶ್ಚರ್ಯವಿಲ್ಲ. ಕ್ಯಾಮೆರಾ ದೂರ ನಿಂತು ನೋಡುತ್ತದೆ, ಸವೆಯುವುದಿಲ್ಲ. ಸ್ಪರ್ಶಕ್ಕೆ ಉಜ್ಜಿಸಿಕೊಳ್ಳದೆ ಗತಿಯಿಲ್ಲ. ರಬ್ಬರ್ ಸವೆಯುತ್ತದೆ, ಬೆರಳು ಮಡಚಿದಾಗಲೆಲ್ಲ ಬಾಗುವ ತಂತಿ ಒಂದು ದಿನ ಕೈಕೊಡುತ್ತದೆ.

ತಂತಿಯ ಕಾಟಕ್ಕೆ 1982ರಲ್ಲಿ ಸಂಶೋಧಕ ಡ್ಯಾನಿ ಹಿಲ್ಲಿಸ್ ತೋರಿಸಿದ ದಾರಿ ನೇಕಾರರಿಗೆ ಹೊಸದೆನಿಸದು. ವಿದ್ಯುತ್ ಹರಿಯುವ ರಬ್ಬರಿನ ಗೆರೆಗಳನ್ನು ಹಾಸಿನಂತೆ, ಕೆಳಗಿನ ಲೋಹದ ಗೆರೆಗಳನ್ನು ಹೊಕ್ಕಿನಂತೆ ಇಟ್ಟರೆ ಅವು ಸಂಧಿಸುವ ಒಂದೊಂದು ಬಿಂದುವೂ ಒಂದು ಸೆನ್ಸರ್. ಒತ್ತಿದಷ್ಟೂ ವಿದ್ಯುತ್ತಿನ ತಡೆ ತಗ್ಗುತ್ತದೆ. ಬೆರಳ ತುದಿಯಷ್ಟು ಜಾಗದಲ್ಲಿ 256 ಬಿಂದುಗಳು ಹೀಗೆ ಕೂತವು.

ಆದರೆ ಒತ್ತಡ ಅಳೆದ ಮಾತ್ರಕ್ಕೆ ಕೈ ಆಗುವುದಿಲ್ಲ. ನಮ್ಮ ಒಂದು ಅಂಗೈ ಮತ್ತು ಬೆರಳುಗಳಲ್ಲಿ ಸುಮಾರು 17,000 ಸ್ಪರ್ಶಗ್ರಾಹಕಗಳಿದ್ದು, ಅವು ನಾಲ್ಕು ಬಗೆಯವು. ಕೆಲವಕ್ಕೆ ಒತ್ತಡ, ಕೆಲವಕ್ಕೆ ಕಂಪನ, ಕೆಲವಕ್ಕೆ ಚರ್ಮದ ಎಳೆತ ತಿಳಿಯುತ್ತದೆ. ಸ್ವೀಡನ್ನಿನ ರೋಲಂಡ್ ಯೋಹಾನ್ಸನ್ ಮತ್ತು ಸಂಗಡಿಗರು 1984ರಲ್ಲಿ ತೋರಿಸಿದಂತೆ, ವಸ್ತು ಜಾರದಿರಲು ಬೇಕಾದುದಕ್ಕಿಂತ ಸ್ವಲ್ಪವೇ ಹೆಚ್ಚು ಬಲದಲ್ಲಿ ನಾವು ಅದನ್ನು ಹಿಡಿಯುತ್ತೇವೆ. ಜಾರತೊಡಗಿದರೆ ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಹಿಡಿತ ಬಿಗಿಯಾಗುತ್ತದೆ. ನೂಲೆಳೆಯುವ ಬೆರಳಿನ ಗುಟ್ಟೂ ಈ ಜಾರುವಿಕೆಯ ಅರಿವೇ.

2009ರಲ್ಲಿ ಎಂಐಟಿಯ ಎಡ್ವರ್ಡ್ ಆಡೆಲ್ಸನ್ ಮತ್ತು ಕಿಮೋ ಜಾನ್ಸನ್ ರೂಪಿಸಿದ ಜೆಲ್‌ಸೈಟ್ ತಮಾಷೆಯ ತಿರುವು. ಬಣ್ಣ ಬಳಿದ ಮೆತ್ತನೆಯ ಜೆಲ್ ಮೇಲೆ ವಸ್ತು ಒತ್ತಿದಾಗ, ಚಪಾತಿ ಹಿಟ್ಟಿನ ಮೇಲೆ ಬಿದ್ದ ಬೆರಳಿನ ಹಾಗೆ, ಅಚ್ಚು ಮೂಡುತ್ತದೆ; ಒಳಗಿನಿಂದ ಪುಟ್ಟ ಕ್ಯಾಮೆರಾ ಅದನ್ನು ಓದುತ್ತದೆ. ಕಣ್ಣಿನ ಎದುರು ಹಿಂದೆ ಬಿದ್ದ ಸ್ಪರ್ಶ ಕಣ್ಣನ್ನೇ ಕಡ ತಂದಿತು! ಇದೇ ಜಾಡಿನಲ್ಲಿ 2020ರಲ್ಲಿ ಫೇಸ್‌ಬುಕ್ ಸಂಶೋಧಕರು ಡಿಜಿಟ್ ಎಂಬ ಸೆನ್ಸರಿನ ವಿನ್ಯಾಸವನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಬಿಡಿಭಾಗ ಹುಡುಕಿ ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳನ್ನು ಸುತ್ತುವ ನಮ್ಮ ಎಂಜಿನಿಯರಿಂಗ್ ಹುಡುಗರಿಗೂ ಇಂಥದ್ದು ಕೈಗೆಟುಕದ ಕೆಲಸವಲ್ಲ.

ಸವೆತದ ತೊಂದರೆಗೆ ಡಿಜಿಟ್ ಕಂಡುಕೊಂಡ ಉಪಾಯ ಸರಳ: ಸವೆದ ಜೆಲ್ ಬಿಚ್ಚಿ, ಹೊಸದನ್ನು ಕೂರಿಸುವುದು.