ಎಚ್‌ಐವಿ: ಮೊದಲ ವಾರಗಳಲ್ಲಿ ಯಾವ ದ್ರವದಲ್ಲಿ ಎಷ್ಟು?

ಬಾಗಲಕೋಟೆ, ವಿಜಯಪುರದ ಐಸಿಟಿಸಿ (ಎಚ್‌ಐವಿ ಸಲಹೆ ಮತ್ತು ಪರೀಕ್ಷೆ) ಕೇಂದ್ರಗಳಿಗೆ ತರಬೇತಿಗೆ ಹೋಗುವ ನರ್ಸಿಂಗ್ ಮತ್ತು ಲ್ಯಾಬ್ ವಿದ್ಯಾರ್ಥಿಗಳಿಗಾಗಿ ಈ ಟಿಪ್ಪಣಿ. ‘ವೈರಸ್ ಎಷ್ಟಿದೆ?’ ಎಂದು ಕೇಳುವಾಗ ಯಾವ ದ್ರವದಲ್ಲಿ, ಸೋಂಕು ತಗಲಿದ ಎಷ್ಟನೇ ದಿನ ಎಂಬುದನ್ನೂ ಸೇರಿಸಿ ಕೇಳಬೇಕು.

ಮೊದಲ ಸುಮಾರು 10 ದಿನ ವೈರಸ್ ಒಳಹೊಕ್ಕ ಜಾಗದ ಅಂಗಾಂಶ ಮತ್ತು ಹತ್ತಿರದ ದುಗ್ಧಗ್ರಂಥಿಗಳಲ್ಲಿ ಬೆಳೆಯುತ್ತಿರುತ್ತದೆ, ರಕ್ತಪರೀಕ್ಷೆಗೆ ಸಿಗುವುದಿಲ್ಲ. ಬಳಿಕ ರಕ್ತದಲ್ಲಿ ಆರ್‌ಎನ್‌ಎ (ವೈರಸ್‌ನ ತಳಿವಸ್ತು), ಕೆಲವು ದಿನಗಳಾದ ಮೇಲೆ ಪಿ24 ಪ್ರತಿಜನಕ (ವೈರಸ್‌ನ ಒಂದು ಪ್ರೋಟೀನು), ಕೊನೆಗೆ ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ ಕಾಣಿಸುತ್ತವೆ. ಮೂರು–ನಾಲ್ಕನೇ ವಾರಕ್ಕೆ ಒಂದು ಮಿಲಿಲೀಟರ್ ಪ್ಲಾಸ್ಮಾದಲ್ಲಿ ವೈರಸ್ ಆರ್‌ಎನ್‌ಎ ಪ್ರತಿಗಳು 10 ಲಕ್ಷ ದಾಟಬಹುದು. ಪ್ರತಿಕಾಯ ಹುಡುಕುವ ಪರೀಕ್ಷೆ ಆ ಹೊತ್ತಿಗೂ ನೆಗೆಟಿವ್ ಎನ್ನಬಹುದು. ಸೋಂಕಿದ್ದೂ ಪರೀಕ್ಷೆಗೆ ಸಿಗದ ಈ ವಿಂಡೋ ಅವಧಿಯ ಅಪಾಯ ಇರುವುದು ಇಲ್ಲಿಯೇ.

ವೀರ್ಯದಲ್ಲೂ ಏರಿಕೆ ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಆಗುತ್ತದೆ, ಆದರೆ ಪ್ರಮಾಣ ಸಾಮಾನ್ಯವಾಗಿ ರಕ್ತದ ಹತ್ತನೇ ಒಂದು ಭಾಗದಷ್ಟು. ಇದು ಸರಾಸರಿ ಮಾತ್ರ. ಗೊನೊರಿಯಾದಂಥ ಲೈಂಗಿಕ ಸೋಂಕಿದ್ದರೆ ಉರಿಯೂತದ ಜಾಗಕ್ಕೆ ಸಿಡಿ4 ಕೋಶಗಳು (ಎಚ್‌ಐವಿ ಸೋಂಕುವ ಬಿಳಿ ರಕ್ತಕಣಗಳು) ಬಂದು ಸೇರುತ್ತವೆ, ವೀರ್ಯದಲ್ಲಿ ವೈರಸ್ ಹೆಚ್ಚುತ್ತದೆ. ನನಗೆ ಅತ್ಯಂತ ಕುತೂಹಲ ಹುಟ್ಟಿಸಿದ ಸಂಗತಿ ಇನ್ನೊಂದಿದೆ. ಲೈಂಗಿಕ ಸಂಪರ್ಕದಿಂದ ಬರುವ ಸೋಂಕು ಹೆಚ್ಚಾಗಿ ಒಂದೇ ಮೂಲ ವೈರಸ್‌ನಿಂದ ಶುರುವಾಗುತ್ತದೆ. ಹಾಗಾಗಿ ಆರಂಭದಲ್ಲಿ ರಕ್ತದ ವೈರಸ್ಸೂ ವೀರ್ಯದ ವೈರಸ್ಸೂ ತಳಿಯಲ್ಲಿ ಬಹುತೇಕ ಒಂದೇ. ಜನನಾಂಗದ ಕೋಶಗಳಲ್ಲಿ ಪ್ರತ್ಯೇಕವಾಗಿ ಬೆಳೆಯುತ್ತ ಹೋದಂತೆ ಕೆಲವರಲ್ಲಿ ಎರಡೂ ಬೇರೆ ಕವಲುಗಳಾಗುತ್ತವೆ. ಮಿದುಳು–ಬೆನ್ನುಹುರಿ ದ್ರವದಲ್ಲೂ ಹೀಗಾಗಬಹುದು; ಅಲ್ಲಿಗೆ ವೈರಸ್ ಕೆಲವರಲ್ಲಿ ಎರಡನೇ ವಾರದೊಳಗೇ ತಲುಪಿರುತ್ತದೆ.

ಜೊಲ್ಲಿನಲ್ಲಿ ವೈರಸ್ ತೀರ ಕಡಿಮೆ, ಅದನ್ನು ತಡೆಯುವ ಪ್ರೋಟೀನುಗಳೂ ಇವೆ. ಒಂದೇ ತಟ್ಟೆಯಲ್ಲಿ ಉಂಡರೆ ಎಚ್‌ಐವಿ ಬರುವುದಿಲ್ಲ. ಹಳ್ಳಿಗೆ ಹೋದಾಗ ಇದನ್ನು ಅಳುಕದೆ ಹೇಳಿ.

ನಾವು ಮರೆಯುವುದು ಎದೆಹಾಲನ್ನು. ಹಾಲುಣಿಸುವ ತಿಂಗಳುಗಳಲ್ಲಿ ತಾಯಿಗೆ ಹೊಸದಾಗಿ ಸೋಂಕು ತಗಲಿದರೆ ರಕ್ತದಲ್ಲಿ ಏರಿದ ವೈರಸ್ ಹಾಲಿನಲ್ಲೂ ಏರುತ್ತದೆ. ಹಳೆಯ ಸೋಂಕಿಗಿಂತ ಮಗುವಿಗೆ ಅಪಾಯ ಹೆಚ್ಚು. ಗರ್ಭಿಣಿಯಾಗಿದ್ದಾಗ ಬಂದ ನೆಗೆಟಿವ್ ವರದಿ ತಾಯಿ ಕಾರ್ಡಿನಲ್ಲಿದೆ ಎಂಬ ಕಾರಣಕ್ಕೆ ಆಕೆಯನ್ನು ಯಾರೂ ಮತ್ತೆ ಪರೀಕ್ಷಿಸದೆ ಹೋಗಬಹುದು. ಗಂಡನಿಗೆ ಸೋಂಕಿದೆ ಎಂದು ತಿಳಿದರೆ ಬಾಣಂತಿಯ ರಕ್ತವನ್ನು ಕೂಡಲೇ ಪರೀಕ್ಷಿಸಬೇಕು, ನೆಗೆಟಿವ್ ಬಂದರೂ ವಿಂಡೋ ಅವಧಿ ಮುಗಿದ ಮೇಲೆ ಇನ್ನೊಮ್ಮೆ. ಪಾಸಿಟಿವ್ ಬಂದರೆ ಅಂದೇ ಎಆರ್‌ಟಿ (ಎಚ್‌ಐವಿ ಔಷಧ ಚಿಕಿತ್ಸೆ) ಕೇಂದ್ರಕ್ಕೆ ಕಳಿಸಬೇಕು. ಮಗುವಿನ ಪರೀಕ್ಷೆ, ತಡೆಮದ್ದು ಎರಡೂ ತಡವಾಗದೆ ಶುರುವಾಗಬೇಕು.