ಲಿಸಾ ಫರ್ನಾಂಡಿಸ್: ಸೋತ ಪಂದ್ಯಗಳನ್ನೂ ಓದಬೇಕಾದ ಪಿಚರ್

ಬೇಸ್‌ಬಾಲ್‌ನ ಹತ್ತಿರದ ಆಟವಾದ ಸಾಫ್ಟ್‌ಬಾಲ್‌ನ ಅಂಕಿಅಂಶ ತಲೆಗೆ ಹತ್ತುತ್ತಿಲ್ಲ ಅನ್ನುವವರು ಅಮೆರಿಕದ ಲಿಸಾ ಫರ್ನಾಂಡಿಸ್ ಒಬ್ಬಳನ್ನೇ ಹಿಡಿದು ಕೂತರೆ ಸಾಕು. ಹುಟ್ಟಿದ್ದು 1971ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಅಪ್ಪ ಕ್ಯೂಬಾದವರು, ಅಮ್ಮ ಪೋರ್ಟೊ ರಿಕೊದವರು. ಚಿಕ್ಕವಳಿದ್ದಾಗ ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವಳು) ಆಗಿ ಆಡಿದ ಮೊದಲ ಪಂದ್ಯದಲ್ಲಿ ತಂಡ ಸೋತದ್ದು 28-0ರಿಂದ!

ಕಾಲೇಜು ಆಟ ಯುಸಿಎಲ್‌ಎಯಲ್ಲಿ (ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ), 1990ರಿಂದ 1993. ಪಿಚರ್ ಆಗಿ 93 ಗೆಲುವು, 7 ಸೋಲು. 1990 ಮತ್ತು 1992ರಲ್ಲಿ ತಂಡಕ್ಕೆ ರಾಷ್ಟ್ರೀಯ ಪ್ರಶಸ್ತಿ. ಆದರೆ ನೋಡಬೇಕಾದ್ದು 1993. ಆ ವರ್ಷ ಇಡೀ ದೇಶದ ಕಾಲೇಜು ಆಟದಲ್ಲಿ ಬ್ಯಾಟಿಂಗ್ ಸರಾಸರಿಯಲ್ಲೂ (.510) ಪಿಚಿಂಗ್ ಇಆರ್‌ಎಯಲ್ಲೂ (0.25) ಈಕೆಯೇ ಮೊದಲು.

ಕ್ರಿಕೆಟ್ ನೋಡಿ ಬೆಳೆದ ನಾವು ಇಲ್ಲಿ ಸ್ವಲ್ಪ ನಿಧಾನಿಸಬೇಕು. ಇಲ್ಲಿನ ಬ್ಯಾಟಿಂಗ್ ಸರಾಸರಿಗೂ ರನ್‌ಗೂ ಸಂಬಂಧವಿಲ್ಲ. ಲೆಕ್ಕಕ್ಕೆ ಬರುವ ನೂರು ಸರದಿಯಲ್ಲಿ ಎಷ್ಟು ಸಲ ಹಿಟ್ ಆಯಿತು, ಅಂದರೆ ಚೆಂಡು ಹೊಡೆದು ಬೇಸ್ (ಓಡಿ ಮುಟ್ಟಬೇಕಾದ ಗುರುತು) ತಲುಪಿದ್ದಾಯಿತು ಅನ್ನುವುದಷ್ಟೇ; .300, ಅಂದರೆ ನೂರಕ್ಕೆ ಮೂವತ್ತು, ಬಂದರೇ ಒಳ್ಳೆಯ ಬ್ಯಾಟರ್. ಇಆರ್‌ಎ ಅಂದರೆ ಏಳು ಇನಿಂಗ್ಸ್‌ಗೆ, ಅಂದರೆ ಒಂದು ಪೂರ್ತಿ ಪಂದ್ಯಕ್ಕೆ, ಫೀಲ್ಡರ್‌ಗಳ ತಪ್ಪಿಲ್ಲದೆ ಪಿಚರ್ ಕೊಟ್ಟ ರನ್. 0.25 ಅಂದರೆ ನಾಲ್ಕು ಪಂದ್ಯಕ್ಕೆ ಒಂದೇ ರನ್. ಎರಡೂ ಒಬ್ಬಳದೇ ಅಂದರೆ ಸುಮ್ನೆ ಮಾತಲ್ಲ.

ಈಗ ಒಲಿಂಪಿಕ್ಸ್. 1996, 2000, 2004, ಮೂರರಲ್ಲೂ ಚಿನ್ನ. ಅದನ್ನು ಎಲ್ಲರೂ ಬರೆದುಕೊಳ್ಳುತ್ತಾರೆ. ನನಗೆ ಕೇಳಿದರೆ ಕಲಿಯಲು ಜಾಸ್ತಿ ಸಿಗುವುದು ಆಸ್ಟ್ರೇಲಿಯಾ ಎದುರು ಸೋತ ಎರಡು ಪಂದ್ಯಗಳಲ್ಲಿ.

ಮೊದಲನೆಯದು 1996ರದ್ದು. ಐದನೇ ಇನಿಂಗ್ಸ್‌ನಲ್ಲಿ ಅಮೆರಿಕದ ಡ್ಯಾನಿ ಟೈಲರ್ ಹೋಂ ರನ್ (ಎಲ್ಲ ಬೇಸ್ ಸುತ್ತಿ ಬರುವಷ್ಟು ದೊಡ್ಡ ಹೊಡೆತ) ಹೊಡೆದಳು, ಆದರೆ ಸಂಭ್ರಮದ ಗಡಿಬಿಡಿಯಲ್ಲಿ ಹೋಂ ಪ್ಲೇಟ್ (ಸುತ್ತಿ ಬಂದು ಕೊನೆಗೆ ತುಳಿಯಬೇಕಾದ ಜಾಗ) ತುಳಿಯಲೇ ಇಲ್ಲ. ಆಸ್ಟ್ರೇಲಿಯಾ ಅಪೀಲ್ ಮಾಡಿತು, ಔಟ್. ಆ ರನ್ ಹೋಯಿತು, ಪಂದ್ಯ ಹತ್ತನೇ ಇನಿಂಗ್ಸ್‌ಗೆ ಎಳೆಯಿತು. ಆಗಿನ ನಿಯಮದಂತೆ ಅಲ್ಲಿಂದ ಎರಡನೇ ಬೇಸ್‌ನಲ್ಲಿ ಒಬ್ಬ ಓಟಗಾರ್ತಿಯನ್ನು ಬಿಟ್ಟಿಯಾಗಿ ನಿಲ್ಲಿಸುತ್ತಿದ್ದರು. ಅಮೆರಿಕ ಒಂದು ರನ್ ಗಳಿಸಿತ್ತು. ಲಿಸಾ ಸಾಲಾಗಿ 29 ಬ್ಯಾಟರ್‌ಗಳನ್ನು ಔಟ್ ಮಾಡಿದ್ದಳು, ಒಬ್ಬರನ್ನೂ ಬೇಸ್‌ಗೆ ಬಿಟ್ಟಿರಲಿಲ್ಲ. ಇನ್ನೊಂದೇ ಸ್ಟ್ರೈಕ್ (ಬ್ಯಾಟರ್‌ಗೆ ತಪ್ಪಿದ ಎಸೆತ; ಮೂರಾದರೆ ಔಟ್, ಅದೇ ಸ್ಟ್ರೈಕ್‌ಔಟ್) ಬೇಕಿತ್ತು, ಆಸ್ಟ್ರೇಲಿಯಾದ ಜೋಆನ್ ಬ್ರೌನ್ ಹೋಂ ರನ್ ಹೊಡೆದಳು, ಬಿಟ್ಟಿ ಓಟಗಾರ್ತಿಯೂ ಸೇರಿ ಎರಡು ರನ್. 2-1. ಪುಕ್ಕಟೆ ನಿಂತ ಓಟಗಾರ್ತಿಯ ರನ್ ಇಆರ್‌ಎಗೆ ಸೇರುವುದಿಲ್ಲ, ಪಂದ್ಯಕ್ಕೆ ಮಾತ್ರ ಸೇರುತ್ತದೆ. ಹಾಗಾಗಿ ಗೆಲುವು-ಸೋಲಿನ ಪಟ್ಟಿ ಒಂದನ್ನೇ ನಂಬಬೇಡಿ.

2000ದಲ್ಲಿ ಸಿಡ್ನಿಯಲ್ಲಿ ಇನ್ನೂ ವಿಚಿತ್ರ. ಆ ಪಂದ್ಯದಲ್ಲಿ ಲಿಸಾ ಸ್ಟ್ರೈಕ್‌ಔಟ್ ಮಾಡಿದ್ದು 25. ಆದರೂ 13ನೇ ಇನಿಂಗ್ಸ್‌ನಲ್ಲಿ ಪೀಟಾ ಎಡಿಬೋನ್ ಹೋಂ ರನ್ ಹೊಡೆದು ಮತ್ತೆ ಅದೇ 2-1. ಅದು ಅಮೆರಿಕಕ್ಕೆ ಸತತ ಮೂರನೇ ಸೋಲು. ಆಟಗಾರ್ತಿಯರು ದೃಷ್ಟಿ ತೆಗೆಯುವ ಹಾಗೆ ಜೆರ್ಸಿ ಸಮೇತ ಶವರ್ ಕೆಳಗೆ ನಿಂತರಂತೆ! ಆಮೇಲೆ ಸೋಲಲಿಲ್ಲ, ಫೈನಲ್‌ನಲ್ಲಿ ಜಪಾನ್ ವಿರುದ್ಧ 2-1ರಿಂದ ಗೆದ್ದರು.

ಅಥೆನ್ಸ್‌ನಲ್ಲಿ (2004) ಲಿಸಾಳ ಬ್ಯಾಟಿಂಗ್ ಸರಾಸರಿ .545. ಆ ಟೂರ್ನಿಯಲ್ಲಿ ಅಮೆರಿಕ ಗಳಿಸಿದ್ದು 51 ರನ್, ಬಿಟ್ಟುಕೊಟ್ಟದ್ದು ಒಂದೇ ಒಂದು. ಅದು ಫೈನಲ್‌ನಲ್ಲಿ, ಪಿಚಿಂಗ್ ಮಾಡುತ್ತಿದ್ದವಳು ಲಿಸಾನೇ. ಎದುರಾಳಿ ಯಾರು ಅಂತ ಹೇಳಬೇಕಿಲ್ಲ ಅಲ್ವಾ?